ಏಪ್ರಿಲ್‌ನ ಏಜಿಯನ್ ಕಡಲು: ನಾಳೆಯ ಗಾಳಿಗೆ ಇವತ್ತೇ ಬಂದರು ಹುಡುಕಿ

ಪ್ರಶ್ನೆ: ನಾನು ಹಾಸನದವನು. ಆರು ವರ್ಷದಿಂದ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿನ ಕೆರೆಗಳಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತೆ, ಕಡಲಿನ ಲೈಸೆನ್ಸನ್ನೂ ತೆಗೆದುಕೊಂಡೆ. ಕ್ರೊಯೇಷ್ಯಾದಲ್ಲಿ ಎರಡು ಬೇಸಿಗೆ ದೋಣಿ ಓಡಿಸಿದ್ದೇನೆ. ಬರುವ ಏಪ್ರಿಲ್ ಕೊನೆಯ ವಾರ ನಾನು, ಹೆಂಡತಿ ಮತ್ತು ಇಬ್ಬರು ಗೆಳೆಯರು ಗ್ರೀಸ್‌ಗೆ ಹೊರಟಿದ್ದೇವೆ. ಅಥೆನ್ಸ್ ಹತ್ತಿರದ ಲಾವ್ರಿಯೋ ಬಂದರಿನಲ್ಲಿ 40 ಅಡಿಯ ಹಾಯಿದೋಣಿ ಬಾಡಿಗೆಗೆ ಹಿಡಿದು, ಏಳು ದಿನದಲ್ಲಿ ಏಜಿಯನ್ ಕಡಲಿನ ಸ್ಯಾಂಟೊರಿನಿ ದ್ವೀಪಕ್ಕೆ ಹೋಗಿ ಬರುವ ಆಸೆ. ಬೇಸಿಗೆಯ ಮೆಲ್ಟೆಮಿ ಗಾಳಿ ಆಗ ಇರುವುದಿಲ್ಲ, ಹಾಗಾಗಿ ವಸಂತವೇ ಸುರಕ್ಷಿತ ಎನ್ನುತ್ತಾರೆ ಗೆಳೆಯರು. ಹೆಂಡತಿಗೆ ಮಾತ್ರ ಭಯ. ಯಾರ ಮಾತು ಸರಿ?

ಉತ್ತರ: ನಿಮ್ಮ ಮನೆಯವರ ಮಾತೇ ಸರಿ. ಹಾಗಂತ ಪ್ರವಾಸ ಕೈಬಿಡಬೇಕಿಲ್ಲ. ಸ್ಯಾಂಟೊರಿನಿ ಒಂದನ್ನು ಕೈಬಿಡಿ, ಅದೂ ಹಾಯಿದೋಣಿಯಲ್ಲಿ ಹೋಗುವುದನ್ನು ಮಾತ್ರ. ಯಾಕೆ ಎಂದು ಸಾವಕಾಶವಾಗಿ ಹೇಳುತ್ತೇನೆ.

ನಾನು ಕುಂದಾಪುರದ ಕಡೆಯವನು. ಮೊದಲು ಸರಕು ಹಡಗುಗಳಲ್ಲಿ ದುಡಿದೆ. ಆಮೇಲೆ ಹತ್ತು ವರ್ಷಕ್ಕೂ ಜಾಸ್ತಿ ಗ್ರೀಸ್‌ನಲ್ಲಿ ಬಾಡಿಗೆ ಹಾಯಿದೋಣಿಗಳಿಗೆ ಸ್ಕಿಪ್ಪರ್, ಅಂದರೆ ಕಪ್ತಾನ, ಆಗಿದ್ದೆ. ವರ್ಷದ ಎಲ್ಲ ತಿಂಗಳುಗಳಲ್ಲಿ ನನಗೆ ಅಲ್ಲಿನ ಏಪ್ರಿಲ್ ತುಂಬ ಇಷ್ಟ. ನನ್ನನ್ನು ಅತಿ ಹೆಚ್ಚು ಹೆದರಿಸಿದ್ದೂ ಅದೇ ತಿಂಗಳು.

ನಿಮ್ಮ ಗೆಳೆಯರ ವಾದದಲ್ಲಿ ಅರ್ಧ ಸತ್ಯವಿದೆ. ಮೆಲ್ಟೆಮಿ ಬೀಸುವುದು ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ. ಜುಲೈ, ಆಗಸ್ಟ್‌ನಲ್ಲಿ ಅದರ ಜೋರು ಜಾಸ್ತಿ. 30 ನಾಟ್ (ಗಂಟೆಗೆ 30 ನಾಟಿಕಲ್ ಮೈಲಿ, ಸುಮಾರು 55 ಕಿಲೋಮೀಟರ್) ಬೀಸಿದರೂ ಯಾರೂ ಆಶ್ಚರ್ಯ ಪಡುವುದಿಲ್ಲ. ಆದರೆ ಆ ಗಾಳಿಗೆ ಒಂದು ನಿಯತ್ತಿದೆ. ನೀವು ಹೊರಟಿರುವ ಸೈಕ್ಲೇಡ್ಸ್ ದ್ವೀಪಸಮೂಹದ ನಡುವೆ ಅದು ಉತ್ತರದಿಂದಲೇ ಬರುತ್ತದೆ. ಮೂರು ದಿನ ಬೀಸಲಿ, ಹತ್ತು ದಿನ ಬೀಸಲಿ, ದಿಕ್ಕು ಬದಲಿಸುವುದಿಲ್ಲ. ದ್ವೀಪದ ತೆಂಕು ಮಗ್ಗುಲಲ್ಲಿ ಲಂಗರು ಹಾಕಿ ಮಲಗಿದರೆ, ಬೆಳಿಗ್ಗೆ ಎದ್ದಾಗಲೂ ಅದೇ ಮಗ್ಗುಲಲ್ಲಿ ಕ್ಷೇಮವಾಗಿರುತ್ತೀರಿ.

ಏಪ್ರಿಲ್‌ನ ಗಾಳಿಗೆ ಆ ನಿಯತ್ತಿಲ್ಲ. ಆಗ ಸಹಾರಾ ಮರುಭೂಮಿ ಕಾಯಲು ಶುರುವಾಗಿರುತ್ತದೆ, ಮೆಡಿಟರೇನಿಯನ್ ನೀರು ಇನ್ನೂ ಚಳಿಗಾಲದ ತಂಪಿನಲ್ಲೇ ಇರುತ್ತದೆ. ಈ ವ್ಯತ್ಯಾಸದಿಂದ ಅಟ್ಲಾಸ್ ಬೆಟ್ಟಗಳ ತೆಂಕಿಗೆ ವಾಯುಭಾರ ಕುಸಿತಗಳು ಹುಟ್ಟುತ್ತವೆ. ಅವು ಆಫ್ರಿಕಾದ ಕರಾವಳಿ ಹಿಡಿದು ಪೂರ್ವಕ್ಕೆ ಓಡುತ್ತವೆ. ಕೆಲವು ಗ್ರೀಸ್ ಕಡೆಗೂ ತಿರುಗುತ್ತವೆ. ಕುಸಿತ ಹತ್ತಿರ ಬರುವಾಗ ಗಾಳಿ ತೆಂಕಿನಿಂದ, ಬೆಚ್ಚಗೆ, ತೇವವಾಗಿ ಬೀಸುತ್ತದೆ. ಗ್ರೀಕರು ನೇರ ತೆಂಕಣ ಗಾಳಿಗೆ ಓಸ್ತ್ರಿಯಾ ಎನ್ನುತ್ತಾರೆ, ಆಗ್ನೇಯದ ಗಾಳಿಗೆ ಸೊರೋಕೋಸ್. ಜೊತೆಗೆ ಮರುಭೂಮಿಯ ಧೂಳು ಬರುತ್ತದೆ. 2024ರ ಏಪ್ರಿಲ್ 23ರಂದು ಅಥೆನ್ಸ್‌ನ ಆಕಾಶ ಪೂರಾ ಕಿತ್ತಳೆ ಬಣ್ಣಕ್ಕೆ ತಿರುಗಿದ ಚಿತ್ರಗಳನ್ನು ನೀವೂ ನೋಡಿರಬಹುದು. ಕುಸಿತ ದಾಟಿ ಹೋದ ಮೇಲೆ ಹಿಂದಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ. ತೆಂಕಿನಿಂದ ಬೀಸುತ್ತಿದ್ದ ಗಾಳಿ ಪಶ್ಚಿಮಕ್ಕೆ, ಅಲ್ಲಿಂದ ವಾಯವ್ಯಕ್ಕೆ, ಉತ್ತರಕ್ಕೆ ತಿರುಗುತ್ತದೆ. ಕೆಲವು ಸಲ ಈ ತಿರುಗಾಟಕ್ಕೆ ಅರ್ಧ ದಿನ ಬೇಕು. ಕೆಲವು ಸಲ ಕಾಲು ಗಂಟೆ ಸಾಕು.

ಹಾಗಾಗಿ ವಸಂತದಲ್ಲಿ ಗಾಳಿ ಎಷ್ಟು ಜೋರು ಎನ್ನುವುದಕ್ಕಿಂತ, ಯಾವಾಗ ತಿರುಗುತ್ತದೆ ಎನ್ನುವುದು ಮುಖ್ಯ. ಸಂಜೆ ಬಂದರು ಹುಡುಕುವಾಗ ಇವತ್ತಿನ ಗಾಳಿಗೆ ಹುಡುಕಬೇಡಿ. ನಾಳೆ ಬೆಳಗಿನ ಜಾವದ ಗಾಳಿಗೆ ಹುಡುಕಿ. ಈ ಉತ್ತರದಲ್ಲಿ ಬೇರೆ ಏನನ್ನು ಮರೆತರೂ ಇದೊಂದನ್ನು ನೆನಪಿಡಿ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲ ವರ್ಷಗಳ ಹಿಂದೆ, ಏಪ್ರಿಲ್ ಮೂರನೇ ವಾರ. ಸಿಫ್ನೋಸ್ ದ್ವೀಪದ ವಾಥಿ ಎಂಬ ಕೊಲ್ಲಿಯಲ್ಲಿದ್ದೆವು. ದೋಣಿಯಲ್ಲಿ ಐದು ಜನ. ಕಿತ್ನೋಸ್ ದ್ವೀಪದ ಮೆರಿಖಾಸ್ ಬಂದರಿಗೆ ಹೋಗಬೇಕಿತ್ತು. 30 ನಾಟಿಕಲ್ ಮೈಲಿಗೂ ಸ್ವಲ್ಪ ಜಾಸ್ತಿ ದೂರ. ತೆಂಕಣ ಗಾಳಿ 20 ನಾಟ್ ಇತ್ತು, ನಾವು ಬಡಗಿಗೆ ಹೋಗಬೇಕಿತ್ತು. ಬೆನ್ನ ಹಿಂದಿನ ಗಾಳಿಗಿಂತ ಸುಖ ಬೇರೆ ಏನಿದೆ? ತಣ್ಣನೆ ಗಾಳಿ ಸಂಜೆ ಆರಕ್ಕೆ ಬರುತ್ತದೆ ಎಂದು ಹವಾಮಾನ ವರದಿ ಹೇಳಿತ್ತು. ನಾವು ಮಧ್ಯಾಹ್ನ ಮೂರಕ್ಕೆಲ್ಲ ಮೆರಿಖಾಸ್‌ನಲ್ಲಿರುತ್ತೇವೆ ಎಂದು ಲೆಕ್ಕ ಹಾಕಿದೆ.

ಬೆಳಗ್ಗಿನಿಂದಲೇ ಆಕಾಶ ಕದಡಿದ ಮಜ್ಜಿಗೆಯ ಹಾಗಿತ್ತು. ಸೂರ್ಯ ಇದ್ದ, ಆದರೆ ನೆರಳಿಗೆ ಅಂಚಿರಲಿಲ್ಲ. ಹಗ್ಗ ಮುಟ್ಟಿದರೆ ಕೈಗೆ ಕೆಂಪು ಧೂಳು ಅಂಟುತ್ತಿತ್ತು. ವಾಯುಭಾರ ಮಾಪಕ ಗಂಟೆಗೆ ಎರಡು ಮಿಲಿಬಾರ್‌ನಂತೆ ಇಳಿಯುತ್ತಿತ್ತು. ಅದನ್ನು ನೋಡಿದೆ, ಬರೆದೂ ಇಟ್ಟೆ. ಆದರೆ ಗಾಳಿ ಚೆನ್ನಾಗಿತ್ತು, ದೋಣಿ ಏಳು ನಾಟ್ ಓಡುತ್ತಿತ್ತು. ಎಲ್ಲರೂ ನಗುತ್ತಿದ್ದರು. ಹಾಯಿ ಕಿರಿದು ಮಾಡಲು ನನಗೆ ಮನಸ್ಸಾಗಲಿಲ್ಲ.

ದಾರಿಯಲ್ಲಿ ಸಿಗುವ ಸೆರಿಫೋಸ್ ದ್ವೀಪ ಮತ್ತು ಕಿತ್ನೋಸ್ ನಡುವೆ ಆರೇಳು ಮೈಲಿ ಅಗಲದ ಜಲಸಂಧಿಯಿದೆ. ಅದರ ನಡುವಿದ್ದಾಗ, ಮಧ್ಯಾಹ್ನ ಒಂದೂವರೆಗೆ, ಗಾಳಿ ಒಮ್ಮೆಲೇ ನಿಂತುಹೋಯಿತು. ಹಾಯಿ ಜೋಲುಬಿತ್ತು. ದೋಣಿ ಹಳೆಯ ಅಲೆಗಳ ಮೇಲೆ ಸುಮ್ನೆ ಹೊರಳಾಡತೊಡಗಿತು. ಪಶ್ಚಿಮದಲ್ಲಿ ನೀರಿಗೆ ತಾಗಿದ ಹಾಗೆ ಒಂದು ಕಪ್ಪು ಪಟ್ಟಿ ಕಂಡಿತು. ಅದರ ಕೆಳಗೆ ಕಡಲು ಬೆಳ್ಳಗಿತ್ತು. ಆಗ ನನಗೆ ಅರ್ಥವಾಯಿತು. ದೊಡ್ಡ ಹಾಯಿಯನ್ನು ಅರ್ಧ ಇಳಿಸುವಷ್ಟರಲ್ಲಿ ವಾಯವ್ಯದಿಂದ 38 ನಾಟ್ ಗಾಳಿ ಬಡಿಯಿತು. ಕೆಸರು ಮಳೆ ಸುರಿಯಿತು, ಮಳೆಯಲ್ಲಿ ಸಹಾರಾದ ಮಣ್ಣಿತ್ತು. ದೋಣಿ ಒಂದು ಮಗ್ಗುಲಿಗೆ ಎಷ್ಟು ವಾಲಿತೆಂದರೆ ಡೆಕ್‌ನ ಅಂಚು ನೀರಿನಲ್ಲಿ ಮುಳುಗಿತು. ಒಳಗಿದ್ದ ಒಬ್ಬರು ಅಡುಗೆ ಕಟ್ಟೆಗೆ ಅಪ್ಪಳಿಸಿದರು, ಪಕ್ಕೆಲುಬು ಬಿರುಕು ಬಿಟ್ಟಿತು.

ಮೆರಿಖಾಸ್ ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು. ಆದರೆ ಅದು ಪಶ್ಚಿಮಕ್ಕೆ ತೆರೆದ ಬಂದರು, ಗಾಳಿ ಈಗ ಆ ಕಡೆಯಿಂದಲೇ ಬರುತ್ತಿತ್ತು. ದೋಣಿ ತಿರುಗಿಸಿ ಸೆರಿಫೋಸ್‌ನ ಪೂರ್ವದ ಮಗ್ಗುಲು ಹಿಡಿದು ಹತ್ತು ಮೈಲಿ ಕೆಳಗಿಳಿದೆವು. ಲಿವಾಡಿ ಕೊಲ್ಲಿ ಸೇರಿದೆವು. ಅವತ್ತು ಬೆಳಿಗ್ಗೆ ಇದೇ ಲಿವಾಡಿಯಲ್ಲಿ ಯಾವ ದೋಣಿಯೂ ನಿಲ್ಲುವ ಸ್ಥಿತಿ ಇರಲಿಲ್ಲ. ಅದು ತೆಂಕಿಗೆ ತೆರೆದ ಕೊಲ್ಲಿ, ತೆಂಕಣ ಗಾಳಿಯ ಅಲೆಗಳು ನೇರ ಒಳಗೆ ಬರುತ್ತಿದ್ದವು. ಮಧ್ಯಾಹ್ನ ಮೂರಕ್ಕೆ ಆ ಸುತ್ತಮುತ್ತ ಅದಕ್ಕಿಂತ ಒಳ್ಳೆಯ ಬಂದರು ಇರಲಿಲ್ಲ. ಬೆಳಗಿನ ಅಲೆಗಳ ಉಳಿಕೆ ರಾತ್ರಿಯವರೆಗೂ ದೋಣಿಯನ್ನು ತೂಗುತ್ತಿತ್ತು, ಅಷ್ಟೇ. ಒಂದೇ ದಿನ, ಒಂದೇ ಬಂದರು, ಬೆಳಿಗ್ಗೆ ಬಲೆ, ಸಂಜೆ ಮಡಿಲು.

ವರದಿ ಸುಳ್ಳು ಹೇಳಿರಲಿಲ್ಲ. ತಣ್ಣನೆ ಗಾಳಿ ಬರುತ್ತದೆ ಎಂದಿತ್ತು, ಬಂತು. ಗಂಟೆಯಲ್ಲಿ ತಪ್ಪಿತು. ಇಂಥ ಕುಸಿತಗಳ ವಿಷಯದಲ್ಲಿ ನಾಲ್ಕೈದು ಗಂಟೆ ಆಚೆ ಈಚೆ ಆಗುವುದು ಸಹಜ. ನಾನು ವರದಿ ಹೇಳಿದ ಗಂಟೆಯನ್ನೇ ನಂಬಿ ದಿನದ ಲೆಕ್ಕ ಹಾಕಿದ್ದೆ. ಅಂದಿನಿಂದ ಗಾಳಿ ತಿರುಗುವ ದಿನ ಬಂದರು ಬಿಟ್ಟು ಹೊರಡುವುದಿಲ್ಲ. ತಿರುಗಿ, ಒಂದು ರಾತ್ರಿ ಕಳೆದು, ಕಡಲು ಇಳಿದ ಮೇಲೆ ಹೊರಡುತ್ತೇನೆ.

ಈಗ ನಿಮ್ಮ ಸ್ಯಾಂಟೊರಿನಿಯ ಲೆಕ್ಕ ನೋಡೋಣ. ಲಾವ್ರಿಯೋದಿಂದ ಅಲ್ಲಿಗೆ ಸುಮಾರು 100 ನಾಟಿಕಲ್ ಮೈಲಿ. ಹೋಗಿ ಬರಲು 200. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. 40 ಅಡಿಯ ದೋಣಿ ಒಳ್ಳೆಯ ದಿನ ಗಂಟೆಗೆ ಐದಾರು ಮೈಲಿ ಹೋಗುತ್ತದೆ. ಕಾಗದದ ಮೇಲೆ ದಿನಕ್ಕೆ 30 ಮೈಲಿ, ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಹೋಗುವಾಗ ಬಡಗಣ ಗಾಳಿ ಬೆನ್ನಿಗಿದ್ದರೆ ಬರುವಾಗ ಅದು ಮುಖಕ್ಕಿರುತ್ತದೆ. 28 ನಾಟ್ ಗಾಳಿಗೆ ಎದುರಾಗಿ, ಕಡಿದಾದ ಅಲೆಗಳಲ್ಲಿ, ಎಂಜಿನ್ ಹಾಕಿದರೂ ದೋಣಿ ಗಂಟೆಗೆ ಮೂರು ಮೈಲಿ ಸಾಗಿದರೆ ಪುಣ್ಯ. 30 ಮೈಲಿಗೆ ಹತ್ತು ಗಂಟೆ. ನೆನೆದು, ವಾಂತಿ ಮಾಡಿಕೊಂಡು, ಹತ್ತು ಗಂಟೆ.

ಅದರ ಮೇಲೆ ಗಡುವು. ಬಾಡಿಗೆ ದೋಣಿಗಳು ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಶುಕ್ರವಾರ ಸಂಜೆಯೊಳಗೆ ದೋಣಿ ಮರಳಿ ಬಂದಿರಬೇಕು. ನಾನು ಕಂಡ ಅವಘಡಗಳಲ್ಲಿ ಹೆಚ್ಚಿನವು ಗುರುವಾರ ಮತ್ತು ಶುಕ್ರವಾರ ಆದವು. ಸೋಮವಾರ ಯಾರೂ ಕೆಟ್ಟ ಗಾಳಿಯಲ್ಲಿ ಹೊರಡುವುದಿಲ್ಲ. ಶುಕ್ರವಾರ ವಿಮಾನದ ಟಿಕೆಟ್ ಕಣ್ಣ ಮುಂದೆ ಇರುತ್ತದೆ, ಹೊರಡುತ್ತಾರೆ.

ಇನ್ನೊಂದು ವಿಷಯ. ಸ್ಯಾಂಟೊರಿನಿಯಲ್ಲಿ ಹಾಯಿದೋಣಿಗೆ ಜಾಗ ಇಲ್ಲವೆಂದೇ ಹೇಳಬೇಕು. ಆ ಪ್ರಸಿದ್ಧ ಬಿಳಿ ಮನೆಗಳ ಕೆಳಗಿನ ನೀರು ಜ್ವಾಲಾಮುಖಿಯ ಬಾಯಿ. ಕೆಲವೆಡೆ ಆಳ 300 ಮೀಟರಿಗೂ ಹೆಚ್ಚು. ನಿಮ್ಮ ದೋಣಿಯ ಲಂಗರು ಸರಪಳಿ ಹೆಚ್ಚೆಂದರೆ 50, 60 ಮೀಟರ್ ಇರುತ್ತದೆ. ದ್ವೀಪದ ತೆಂಕಿನಲ್ಲಿ ವ್ಲಿಖಾಡಾ ಎಂಬ ಪುಟ್ಟ ಬಂದರಿದೆ. ಅದರ ಬಾಯಲ್ಲಿ ಮರಳು ತುಂಬಿಕೊಳ್ಳುತ್ತದೆ. ತೆಂಕಣ ಗಾಳಿ ಬೀಸುವಾಗ ಅದರ ಒಳಹೊಕ್ಕುವುದು ಅಪಾಯ. ನಮ್ಮ ಗಂಗೊಳ್ಳಿಯ ಅಳಿವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಡುಗಡಲಲ್ಲಿ ಬದುಕಿದ ದೋಣಿಗಳು ಅಳಿವೆಯ ಬಾಯಲ್ಲಿ ಮಗುಚುತ್ತವೆ. ಸ್ಯಾಂಟೊರಿನಿ ನೋಡಲೇಬೇಕೆಂದರೆ, ದೋಣಿ ಒಪ್ಪಿಸಿದ ಮೇಲೆ ಎರಡು ದಿನ ಇಟ್ಟುಕೊಂಡು ಅಥೆನ್ಸ್‌ನ ಬಂದರು ಪಿರೇಯಸ್‌ನಿಂದ ದೊಡ್ಡ ಫೆರ್ರಿಯಲ್ಲಿ ಹೋಗಿ.

ಅಲೆಗಳ ಬಗ್ಗೆಯೂ ಸ್ವಲ್ಪ ಹೇಳಬೇಕು. ಅರಬ್ಬಿ ಕಡಲಿನ ಮಳೆಗಾಲದ ಅಲೆ ಮೂರು ನಾಲ್ಕು ಮೀಟರ್ ಎತ್ತರವಿರಬಹುದು. ಆದರೆ ಅದು ಸಾವಿರಾರು ಮೈಲಿ ಓಡಿ ಬಂದದ್ದು, ಅಲೆಯಿಂದ ಅಲೆಗೆ ಎಂಟು ಹತ್ತು ಸೆಕೆಂಡ್ ಅಂತರವಿರುತ್ತದೆ. ದೋಣಿ ಮೇಲೇರಿ ಕೆಳಗಿಳಿಯಲು ಸಮಯ ಸಿಗುತ್ತದೆ. ಏಜಿಯನ್‌ನಲ್ಲಿ ದ್ವೀಪದಿಂದ ದ್ವೀಪಕ್ಕೆ 20, 30 ಮೈಲಿ ಅಷ್ಟೇ. ಅಲೆ ಬೆಳೆಯಲು ಜಾಗವಿಲ್ಲ. ಎರಡೇ ಮೀಟರ್ ಇದ್ದರೂ ಗೋಡೆಯ ಹಾಗೆ ಕಡಿದಾಗಿ, ನಾಲ್ಕೈದು ಸೆಕೆಂಡಿಗೊಂದರಂತೆ ಬರುತ್ತದೆ. ಒಂದರಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು. ಗಾಳಿ ತಿರುಗಿದ ಮೊದಲ ಕೆಲವು ಗಂಟೆ ಇನ್ನೂ ಕೆಟ್ಟದ್ದು. ಹಳೆಯ ತೆಂಕಣ ಅಲೆಯ ಮೇಲೆ ಹೊಸ ಬಡಗಣ ಅಲೆ ಹತ್ತಿ, ನೀರು ಗೋಪುರದ ಹಾಗೆ ನೆಟ್ಟಗೆ ಎದ್ದು ಕುಸಿಯುತ್ತದೆ. ಅಂಥ ನೀರಿನಲ್ಲಿ ಚುಕ್ಕಾಣಿ ಹಿಡಿದವರಿಗೆ ಯಾವ ಕಡೆ ತಿರುಗಿಸಬೇಕೆಂದೇ ತಿಳಿಯುವುದಿಲ್ಲ.

ಎತ್ತರದ ದ್ವೀಪದ ಮರೆಗೆ ಹೋದರೆ ಗಾಳಿ ಕಡಿಮೆ ಎಂಬ ನಂಬಿಕೆಯೂ ಅರ್ಧ ಸತ್ಯವೇ. ಅಲೆ ಕಡಿಮೆಯಾಗುತ್ತದೆ, ಗಾಳಿ ಆಗುವುದಿಲ್ಲ. ಆಂಡ್ರೋಸ್, ಟೀನೋಸ್, ಅಮೋರ್ಗೋಸ್‌ನಂಥ ಗುಡ್ಡದ ದ್ವೀಪಗಳಲ್ಲಿ ಬಡಗಣ ಗಾಳಿ ಗುಡ್ಡ ಹತ್ತಿ, ತೆಂಕು ಇಳಿಜಾರಿನಲ್ಲಿ ಕಲ್ಲು ಉರುಳಿದ ಹಾಗೆ ಬೀಳುತ್ತದೆ. ಕಡಲಲ್ಲಿ 20 ನಾಟ್ ಇದ್ದರೆ ದಡದ ಹತ್ತಿರ 35 ನಾಟ್‌ನ ಹೊಡೆತ ಬರಬಹುದು. ನೀರಿನ ಮೇಲೆ ಬಿಳಿ ಹೊಗೆಯಂಥ ಗೆರೆ ಓಡಿ ಬರುವುದು ಕಂಡರೆ ಹಾಯಿಯ ಹಗ್ಗ ಸಡಿಲಿಸಲು ಕೈ ಸಿದ್ಧವಿರಲಿ.

ಎರಡು ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲೂ ಗಾಳಿ ಹೆಚ್ಚುತ್ತದೆ. ಎವಿಯಾ ಮತ್ತು ಆಂಡ್ರೋಸ್ ನಡುವಿನ ಕಾಫಿರೆಯಾಸ್ ಜಲಸಂಧಿ ಇದರಲ್ಲಿ ಕುಖ್ಯಾತ. ಅಗಲ ಆರೇಳು ಮೈಲಿ. ಬಡಗಿನ ಗಾಳಿಯೆಲ್ಲ ಆ ಬಾಗಿಲಲ್ಲಿ ನುಗ್ಗುತ್ತದೆ. ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಯ ಕಡೆಯಿಂದ ಬರುವ ನೀರಿನ ಸೆಳೆತವೂ ಅಲ್ಲೇ ಹಾಯುತ್ತದೆ. ಟ್ರಾಯ್ ಯುದ್ಧ ಮುಗಿಸಿ ಮನೆಗೆ ಹೊರಟ ಗ್ರೀಕರ ಹಡಗುಗಳು ಒಡೆದದ್ದು ಇಲ್ಲಿಯೇ ಎಂದು ಅವರ ಪುರಾಣ ಹೇಳುತ್ತದೆ. ನಿಮಗೆ ಆ ಕಡೆ ಕೆಲಸವಿಲ್ಲ. ಹೋಗಬೇಡಿ.

ಹಾಗಾದರೆ ಎಲ್ಲಿಗೆ ಹೋಗಬಹುದು? ನಾನಾಗಿದ್ದರೆ ಲಾವ್ರಿಯೋದಿಂದ ಮೊದಲ ದಿನ ಕೇಯಾ ದ್ವೀಪದ ವೂರ್ಕಾರಿಗೆ ಹೋಗುತ್ತಿದ್ದೆ. ಸುಮಾರು 15 ಮೈಲಿ. ಬಹುತೇಕ ಎಲ್ಲ ದಿಕ್ಕಿನ ಅಲೆಯಿಂದಲೂ ಮರೆಯಿರುವ ಕೊಲ್ಲಿ ಅದು. ಸೈಕ್ಲೇಡ್ಸ್‌ನ ಹೆಬ್ಬಾಗಿಲು ಎಂದರೂ ಸರಿ. ದಾರಿಯಲ್ಲಿ ಕೇಯಾ ಜಲಸಂಧಿಯಲ್ಲಿ ದೊಡ್ಡ ಹಡಗುಗಳ ಓಡಾಟ ಜಾಸ್ತಿ, ಕಣ್ಣಿಟ್ಟಿರಿ. ಟೈಟಾನಿಕ್‌ನ ಸೋದರಿ ಹಡಗು ಬ್ರಿಟಾನಿಕ್ 1916ರ ನವೆಂಬರ್ 21ರಂದು ಮುಳುಗಿದ್ದು ಇದೇ ನೀರಿನಲ್ಲಿ. ಅದು ಯುದ್ಧಕಾಲದಲ್ಲಿ ಕಡಲಿನಲ್ಲಿ ಹುದುಗಿಸಿಟ್ಟ ಸಿಡಿಗುಂಡಿಗೆ (ಮೈನ್) ಸಿಕ್ಕಿತ್ತು.

ಕೇಯಾದಿಂದ ಕಿತ್ನೋಸ್‌ಗೆ 20 ಮೈಲಿ. ಅಲ್ಲಿ ಕೊಲೋನಾ ಎಂಬ ಜಾಗವಿದೆ. ಒಂದು ಪುಟ್ಟ ದ್ವೀಪವನ್ನು ದೊಡ್ಡದಕ್ಕೆ ಜೋಡಿಸುವ ತೆಳ್ಳನೆ ಮರಳ ದಂಡೆ, ಎರಡೂ ಮಗ್ಗುಲಲ್ಲಿ ನೀರು. ಬೇಸಿಗೆಯಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಏಪ್ರಿಲ್‌ನಲ್ಲಿ ನಿಮ್ಮದೊಂದೇ ದೋಣಿ ಇರಬಹುದು. ಹವೆ ಸ್ಥಿರವಾಗಿದ್ದರೆ ಮುಂದೆ ಸೆರಿಫೋಸ್‌ಗೋ ಸೀರೋಸ್‌ಗೋ ಹೋಗಿ, ಎರಡೂ ಸುಮಾರು 20 ಮೈಲಿಯ ದೂರ. ಸ್ಥಿರವಾಗಿಲ್ಲದಿದ್ದರೆ ಕಿತ್ನೋಸ್‌ನಲ್ಲೇ ಇದ್ದು, ಲೂತ್ರಾದ ಬಿಸಿನೀರ ಬುಗ್ಗೆಯಲ್ಲಿ ಕಾಲಾಡಿಸಿ. ಐದನೆಯ ದಿನ ಸಂಜೆ ಮಾತ್ರ ಮರಳಿ ಕೇಯಾದಲ್ಲಿರಬೇಕು. ಆಗ ಉಳಿಯುವುದು 15 ಮೈಲಿ, ಅದಕ್ಕೆ ಎರಡು ದಿನ. ಆ ಎರಡು ದಿನದಲ್ಲಿ ಎಲ್ಲೋ ನಾಲ್ಕು ಗಂಟೆ ಕಡಲು ಬಿಟ್ಟುಕೊಡುತ್ತದೆ.

ಪಾರೋಸ್ ದ್ವೀಪದವರೆಗೆ ಹೋಗುವ ಆಸೆ ನಿಮಗೆ ಬಂದೇ ಬರುತ್ತದೆ. ಹೋದರೆ ಪಾರಿಕಿಯಾ ಬಂದರಿಗೆ ಕತ್ತಲಲ್ಲಿ ಹೋಗಬೇಡಿ. ಅದರ ಹೊರಗೆ ಪೋರ್ತೆಸ್ ಎಂಬ ಬಂಡೆಗಳಿವೆ. 2000ದ ಸೆಪ್ಟೆಂಬರ್ 26ರ ರಾತ್ರಿ ಎಕ್ಸ್‌ಪ್ರೆಸ್ ಸಮೀನಾ ಎಂಬ ಫೆರ್ರಿ ಜೋರು ಗಾಳಿಯಲ್ಲಿ ಅವಕ್ಕೆ ಬಡಿದು ಮುಳುಗಿತು. 80ಕ್ಕೂ ಹೆಚ್ಚು ಜನ ಸತ್ತರು. ನಕ್ಷೆಯಲ್ಲಿದ್ದ, ದೀಪವೂ ಇದ್ದ ಬಂಡೆಗಳು ಅವು. ದಿನಾ ಅದೇ ದಾರಿಯಲ್ಲಿ ಓಡಾಡುವ ಹಡಗಿಗೇ ಹೀಗಾಯಿತು. ಏಪ್ರಿಲ್ ಕೊನೆಗೆ ಅಲ್ಲಿ ರಾತ್ರಿ ಎಂಟರವರೆಗೂ ಬೆಳಕಿರುತ್ತದೆ. ನೀವು ನಾಲ್ಕಕ್ಕೆಲ್ಲ ಲಂಗರು ಹಾಕಿರಿ.

ಹೊರಡುವ ದಿನವೇ ದೊಡ್ಡ ಕುಸಿತ ಬರುವ ಸೂಚನೆ ಇದ್ದರೆ ಸೈಕ್ಲೇಡ್ಸ್ ಆಸೆಯನ್ನೇ ಬಿಟ್ಟು ಸರೋನಿಕ್ ಕೊಲ್ಲಿಗೆ ತಿರುಗಿ. ಸೂನಿಯೋ ಭೂಶಿರ ಸುತ್ತಿದರೆ ಆ ಕೊಲ್ಲಿ. ಭೂಶಿರದ ಮೇಲೆ ಕಡಲ ದೇವರು ಪೊಸೈಡನ್‌ನ ಗುಡಿಯ ಕಂಬಗಳು ಇವತ್ತಿಗೂ ನಿಂತಿವೆ. ಕ್ರಿಸ್ತಪೂರ್ವ 5ನೆಯ ಶತಮಾನದ್ದು. ಕೊಲ್ಲಿಯೊಳಗೆ ಎಯೀನಾ, ಪೋರೋಸ್, ಅದರ ಅಂಚಿಗೆ ಈದ್ರಾ ದ್ವೀಪಗಳಿವೆ. ನೆಲ ಹತ್ತಿರ, ದೂರ ಕಡಿಮೆ, ಅಲೆ ಸಣ್ಣದು. ಪೋರೋಸ್ ಬಂದರು ಕೆರೆಯ ಹಾಗಿದೆ. ಈದ್ರಾದಲ್ಲಿ ಕಾರುಗಳೇ ಇಲ್ಲ, ಸಾಮಾನು ಹೊರುವುದು ಕತ್ತೆ ಮತ್ತು ಹೇಸರಗತ್ತೆಗಳು. ಇದನ್ನು ಎರಡನೆಯ ದರ್ಜೆಯ ಆಯ್ಕೆ ಎಂದುಕೊಳ್ಳಬೇಡಿ. ನನ್ನ ಮೆಚ್ಚಿನ ವಾರಗಳಲ್ಲಿ ಕೆಲವು ಅಲ್ಲೇ ಕಳೆದವು.

ಹವಾಮಾನ ನೋಡುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫೋನಿನ ಆ್ಯಪ್ ಒಂದನ್ನೇ ನಂಬಬೇಡಿ. ಗ್ರೀಸ್‌ನ ರಾಷ್ಟ್ರೀಯ ಹವಾಮಾನ ಸೇವೆಯ ಕಡಲ ವರದಿ ಓದಿ. ಅಲೆಯ ಎತ್ತರಕ್ಕೆ ಅಲ್ಲಿನ ಕಡಲ ಸಂಶೋಧನಾ ಕೇಂದ್ರ ನಡೆಸುವ ಪೊಸೈಡನ್ ಮುನ್ಸೂಚನೆ ಚೆನ್ನಾಗಿದೆ. ದೋಣಿಯ ವಿಎಚ್‌ಎಫ್ ರೇಡಿಯೋ ತುರ್ತು ಕರೆಯ 16ನೇ ಚಾನೆಲ್‌ನಲ್ಲಿ ಯಾವಾಗಲೂ ತೆರೆದಿರಲಿ. ಬಂದರಿನಲ್ಲಿ ಮೀನುಗಾರರನ್ನು ಕೇಳಿ. ಅವರು ನಾಟ್‌ನಲ್ಲಿ ಮಾತಾಡುವುದಿಲ್ಲ. "ನಾಳೆ ಎಷ್ಟು ಬೊಫೋರ್?" ಎನ್ನುತ್ತಾರೆ. ಅದು ಗಾಳಿಯ ಜೋರಿನ ಅಳತೆ. ಆರು ಬೊಫೋರ್ ಎಂದರೆ 22ರಿಂದ 27 ನಾಟ್. ಏಳು ಎಂದರೆ 28ರಿಂದ 33. ನಿಮ್ಮ ಮಟ್ಟಕ್ಕೆ ಆರು ಎಂದ ದಿನ ಬಂದರಿನಲ್ಲೇ ಇರಿ. ಗಾಳಿಯ ಒತ್ತಡ ವೇಗದ ವರ್ಗದಷ್ಟು ಏರುತ್ತದೆ. 15 ನಾಟ್ 30 ಆದರೆ ಹಾಯಿಯ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಗಾಳಿ ತುಂಬ ಜೋರಾದಾಗ ಕೋಸ್ಟ್‌ಗಾರ್ಡ್‌ನವರು ಫೆರ್ರಿಗಳನ್ನೂ ನಿಲ್ಲಿಸುತ್ತಾರೆ. ಅದಕ್ಕೆ ಅವರು ಅಪಗೊರೆಫ್ತಿಕೊ ಎನ್ನುತ್ತಾರೆ. ನಿಷೇಧ ಎಂದರ್ಥ. ಬಂದರಿನಲ್ಲಿ ಆ ಪದ ಕಿವಿಗೆ ಬಿದ್ದರೆ ಇನ್ನೊಂದು ಹಗ್ಗ ಬಿಗಿದು ಕಟ್ಟಿ, ಊಟಕ್ಕೆ ಹೋಗಿ.

ಗಾಳಿಗೆ ಹೆಸರಿಡುವುದು ಅಲ್ಲಿ ಹಳೆಯ ಅಭ್ಯಾಸ. ಅಥೆನ್ಸ್‌ನ ಹಳೆಯ ಪೇಟೆಯಲ್ಲಿ ಎಂಟು ಮೂಲೆಯ ಅಮೃತಶಿಲೆಯ ಗೋಪುರವೊಂದಿದೆ. ಎರಡು ಸಾವಿರ ವರ್ಷ ಹಳೆಯದು. ಒಂದೊಂದು ಮುಖದಲ್ಲೂ ಆ ದಿಕ್ಕಿನ ಗಾಳಿ ದೇವರನ್ನು ಕೆತ್ತಿದ್ದಾರೆ. ವಿಮಾನ ಇಳಿದ ದಿನ ಬಿಡುವಿದ್ದರೆ ನಿಮ್ಮ ತಂಡವನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಸುತ್ತು ಹಾಕಿಸಿ. ಬಡಗಿನ ಬೊರೆಯಾಸ್ ದಪ್ಪ ಬಟ್ಟೆ ಹೊದ್ದಿದ್ದಾನೆ. ತೆಂಕಿನ ನೋಟೋಸ್ ಮಳೆ ತರುವವನು, ಕೈಯಲ್ಲಿ ನೀರಿನ ಕೊಡ. ಅರ್ಧ ಗಂಟೆಯಲ್ಲಿ ಕಲಿಯಬೇಕಾದ್ದು ಬಹಳಷ್ಟು ಅಲ್ಲಿದೆ.

ನೀರು ತಂಪಿರುತ್ತದೆ ಎಂಬುದನ್ನು ಜನ ಮರೆಯುತ್ತಾರೆ. ಬಿಸಿಲು ನೋಡಿ ಮೋಸ ಹೋಗುತ್ತಾರೆ. ಏಪ್ರಿಲ್‌ನಲ್ಲಿ ಏಜಿಯನ್ ನೀರು 16 ಡಿಗ್ರಿ ಆಸುಪಾಸು. ಬಟ್ಟೆ ಸಮೇತ ಬಿದ್ದವರಿಗೆ ಮೊದಲ ನಿಮಿಷ ಉಸಿರೇ ಕೈಗೆ ಸಿಗುವುದಿಲ್ಲ. ಸ್ವಲ್ಪ ಹೊತ್ತಿಗೆ ಬೆರಳು ಮರಗಟ್ಟಿ ಹಗ್ಗ ಹಿಡಿಯಲು ಆಗುವುದಿಲ್ಲ. ಹಾಗಾಗಿ ಬೀಳದಿರುವುದೇ ಉಪಾಯ. ಬಂದರು ಬಿಟ್ಟ ಕ್ಷಣದಿಂದ ಎಲ್ಲರಿಗೂ ಲೈಫ್‌ಜಾಕೆಟ್. 15 ನಾಟ್ ದಾಟಿದರೆ ಎಲ್ಲರ ಸುರಕ್ಷಾ ಪಟ್ಟಿಯ ಕೊಕ್ಕೆ ದೋಣಿಗೆ ಸಿಕ್ಕಿಸಿರಬೇಕು. ಒಬ್ಬರೇ ಮುಂದಿನ ಡೆಕ್‌ಗೆ ಹೋಗಬಾರದು. ಹಾಯಿ ಕಿರಿದು ಮಾಡುವ ಯೋಚನೆ ಮೊದಲ ಸಲ ತಲೆಗೆ ಬಂದಾಗಲೇ ಮಾಡಿ. ಆವತ್ತು ನನಗೆ ಆ ಯೋಚನೆ ಹನ್ನೊಂದು ಗಂಟೆಗೇ ಬಂದಿತ್ತು.

ಹೊಟ್ಟೆಯ ವಿಷಯ. ಕಡಲ ಕಾಯಿಲೆ ಯಾರಿಗೂ ಬರಬಹುದು, ಅದರಲ್ಲಿ ನಾಚಿಕೆಯಿಲ್ಲ. ಮಾತ್ರೆ ಬೇಕೆಂದರೆ ವೈದ್ಯರನ್ನು ಕೇಳಿ, ಹಿಂದಿನ ರಾತ್ರಿಯೇ ಶುರು ಮಾಡಿ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ನಾನು ಬೆಳಿಗ್ಗೆ ಬಂದರಿನಲ್ಲೇ ಗೊಜ್ಜವಲಕ್ಕಿ ಕಲಸಿ ಡಬ್ಬಿಗೆ ತುಂಬಿಡುತ್ತಿದ್ದೆ. ಫ್ಲಾಸ್ಕಿನಲ್ಲಿ ಶುಂಠಿ ಕಷಾಯ. ಜರ್ಮನ್ನರೂ ಕೇಳಿ ಕೇಳಿ ತಿನ್ನುತ್ತಿದ್ದರು. ಅಲೆ ಎದ್ದಾಗ ಯಾರೂ ಒಳಗೆ ಹೋಗಿ ಒಲೆ ಹಚ್ಚಬಾರದು. ಹೊಟ್ಟೆ ತೊಳಸಿದವರ ಕೈಗೆ ಚುಕ್ಕಾಣಿ ಕೊಡಿ, ದಿಗಂತ ನೋಡಲಿ. ಎಷ್ಟೋ ಸಲ ಅದೇ ಮದ್ದು.

ನಿಮ್ಮ ಮನೆಯವರ ಬಗ್ಗೆ ಒಂದು ಮಾತು. ಅವರನ್ನು ಸಮಾಧಾನ ಮಾಡಲು ಹೋಗಬೇಡಿ. ಅವರಿಗೆ ಒಂದು ಅಧಿಕಾರ ಕೊಡಿ. ಬೆಳಿಗ್ಗೆ ವರದಿಯನ್ನು ನಾಲ್ವರೂ ಕೂತು ಓದಿ. ನಾಲ್ವರಲ್ಲಿ ಯಾರೇ ಬೇಡ ಎಂದರೂ ಆ ದಿನ ದೋಣಿ ಹೊರಡಬಾರದು. ಕಾರಣ ಕೇಳಬಾರದು, ವಾದ ಮಾಡಬಾರದು. ಈ ನಿಯಮವನ್ನು ನಾನು ಎಷ್ಟೋ ತಂಡಗಳಲ್ಲಿ ಇಟ್ಟಿದ್ದೇನೆ. ಭಯವಿದ್ದವರು ಎರಡನೇ ದಿನಕ್ಕೆ ಎಲ್ಲರಿಗಿಂತ ಚೆನ್ನಾಗಿ ಮೋಡ ಓದಲು ಕಲಿತಿರುತ್ತಾರೆ. ಯಾಕೆಂದರೆ ಅವರೇ ನಿಜವಾಗಿ ಆಕಾಶ ನೋಡುತ್ತಿರುತ್ತಾರೆ.

ಹಳೆಯ ಗ್ರೀಕರೂ ಈ ತಿಂಗಳ ಬಗ್ಗೆ ಅನುಮಾನದಲ್ಲೇ ಇದ್ದರು. ಚಳಿಗಾಲ ಪೂರ್ತಿ ದೋಣಿ ದಡಕ್ಕೆಳೆದು ಇಡುತ್ತಿದ್ದರು, ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಮೇಲೆ ನಿಲ್ಲುವ ಹಾಗೆ. ಅಂಜೂರದ ಮರದ ತುದಿ ಎಲೆ ಕಾಗೆಯ ಹೆಜ್ಜೆಯಷ್ಟು ದೊಡ್ಡದಾದಾಗ ಕಡಲು ತೆರೆಯಿತು ಎನ್ನುತ್ತಿದ್ದರು. ಆದರೂ ಅದು ಕದ್ದು ಪಡೆದ ಪಯಣ, ಮನಸ್ಸಿಗೆ ಒಪ್ಪುವುದಿಲ್ಲ ಎಂದು ಹೇಳಿದವರೂ ಆಗಲೇ ಇದ್ದರು.

ಇಷ್ಟೆಲ್ಲ ಹೆದರಿಸಿ ಯಾಕೆ ಹೋಗಿ ಎನ್ನುತ್ತಿದ್ದೇನೆ? ಜೂನ್ ಹೊತ್ತಿಗೆ ಆ ದ್ವೀಪಗಳು ಒಣಗಿ ಕಂದು ಬಣ್ಣಕ್ಕೆ ತಿರುಗುತ್ತವೆ. ಏಪ್ರಿಲ್‌ನಲ್ಲಿ ಅವು ಹಸಿರು. ಕಲ್ಲು ಗೋಡೆಗಳ ಮಧ್ಯೆ ಕೆಂಪು ಗಸಗಸೆ ಹೂವು, ಹಳದಿ ಸೇವಂತಿಯಂಥ ಕಾಡು ಹೂವು. ಗಾಳಿ ದಡದಿಂದ ಬಂದರೆ ಎರಡು ಮೈಲಿ ದೂರಕ್ಕೆ ಕಾಡು ತುಳಸಿಯಂಥ ಘಮ ಬರುತ್ತದೆ. ತಣ್ಣನೆ ಗಾಳಿ ಹಾಯ್ದ ಮರುದಿನ ಹವೆ ಎಷ್ಟು ತಿಳಿಯಾಗಿರುತ್ತದೆ ಎಂದರೆ, ಒಂದೇ ಕಡೆ ನಿಂತು ಏಳೆಂಟು ದ್ವೀಪ ಎಣಿಸಬಹುದು. ಗ್ರೀಕರ ಈಸ್ಟರ್ ಕೂಡ ಈ ಸುಮಾರಿಗೇ ಬರುತ್ತದೆ. 2026ರಲ್ಲಿ ಏಪ್ರಿಲ್ 12, 2027ರಲ್ಲಿ ಮೇ 2. ಅದರ ಹಿಂದಿನ ಶನಿವಾರ ನಡುರಾತ್ರಿ ಊರಿಗೆ ಊರೇ ಮೊಂಬತ್ತಿ ಹಿಡಿದು ಚರ್ಚಿನಿಂದ ಇಳಿದು ಬರುತ್ತದೆ. ದೋಣಿಯ ಡೆಕ್ ಮೇಲೆ ಕೂತು ಗುಡ್ಡದ ಮೇಲಿನಿಂದ ಆ ದೀಪದ ಸಾಲು ಇಳಿಯುವುದನ್ನು ನೋಡಿದ್ದೇನೆ. ನೀವೂ ನೋಡಬೇಕು.

ಕೊನೆಗೆ, ಲಾವ್ರಿಯೋದಲ್ಲಿ ದೋಣಿ ಕೈಗೆ ಬಂದ ದಿನ ಅವಸರ ಮಾಡಬೇಡಿ. ವಸಂತದಲ್ಲಿ ದೋಣಿಗಳು ಚಳಿಗಾಲದ ನಿದ್ದೆಯಿಂದ ಎದ್ದಿರುತ್ತವೆ, ನೀವೇ ಆ ವರ್ಷದ ಮೊದಲ ಬಾಡಿಗೆದಾರರಾಗಿರಬಹುದು. ಡೀಸೆಲ್ ಟ್ಯಾಂಕಿನ ತಳದ ಕಸ ಅಲೆಯಲ್ಲಿ ಕದಡಿ ಫಿಲ್ಟರ್ ಕಟ್ಟಿಕೊಂಡರೆ, ಎಂಜಿನ್ ಬೇಕೇ ಬೇಕಾದ ಹೊತ್ತಿಗೆ ನಿಲ್ಲುತ್ತದೆ. ಹೊಸ ಫಿಲ್ಟರ್ ಎರಡು ಕೇಳಿ ಇಟ್ಟುಕೊಳ್ಳಿ, ಬದಲಿಸುವುದನ್ನು ಅಲ್ಲೇ ಒಮ್ಮೆ ಮಾಡಿ ನೋಡಿ. ಹಾಯಿ ಕಿರಿದು ಮಾಡುವ ಹಗ್ಗಗಳನ್ನು ಬಂದರಿನಲ್ಲೇ ಎಳೆದು ನೋಡಿ. ಲಂಗರಿನ ಸರಪಳಿ ಪೂರ್ತಿ ಹೊರಗೆ ಬಿಟ್ಟು ಉದ್ದ ಎಣಿಸಿ, ಕೊನೆಯ ತುದಿ ದೋಣಿಗೆ ಕಟ್ಟಿದೆಯೇ ಎಂದು ಕಣ್ಣಾರೆ ನೋಡಿ. ಆಳದ ಐದು ಪಟ್ಟು ಸರಪಳಿ ಬಿಡಬೇಕು. ತಳದಲ್ಲಿ ಕಪ್ಪಗೆ ಕಂಡರೆ ಅದು ಕಡಲ ಹುಲ್ಲು, ಲಂಗರು ಕಚ್ಚುವುದಿಲ್ಲ. ತಿಳಿ ನೀಲಿ ಕಂಡಲ್ಲಿ ಮರಳು, ಅಲ್ಲಿಗೆ ಇಳಿಸಿ. ಕೋಸ್ಟ್‌ಗಾರ್ಡ್ ನಂಬರ್ 108. ಅದನ್ನು ನಾಲ್ವರ ಫೋನಿನಲ್ಲೂ ಹಾಕಿಕೊಳ್ಳಿ. ಹೊರಡುವ ನಾಲ್ಕು ದಿನ ಮೊದಲು ಮುನ್ಸೂಚನೆ ನನಗೂ ಕಳಿಸಿ, ಒಟ್ಟಿಗೆ ನೋಡೋಣ.